ಮನುಷ್ಯರಿಲ್ಲದ ಮನೆಗಳು



ಈ ಸಲದ ಅಂಚೆಯಲ್ಲಿ ಜತ್ತ ತಾಲೂಕಿನ ಹಳ್ಳಿಯೊಂದರಿಂದ ಸಹೋದರಿಯೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿರೆಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ನಾಲ್ಕು ಪುಟದ ಪತ್ರ. ಮೊದಲ ಮೂರು ಪುಟ ಮನೆಯ ಹಿಸ್ಸೆಯ ಸಮಾಚಾರ. ಮಾವನವರು ತೀರಿಕೊಂಡ ಮೇಲೆ ನಾಲ್ವರು ಅಣ್ಣತಮ್ಮಂದಿರು ಕೂಡಿ ಹಳೆಯ ಮಾಳಿಗೆ ಮನೆಯನ್ನು ಕೆಡವಿ ಜಾಗ ಹಂಚಿಕೊಂಡರಂತೆ. ಯಾರ ಮೇಲೂ ದೂರಿಲ್ಲ, ಆದದ್ದು ಆಯಿತು ಎಂದಿದ್ದಾರೆ. ಅವರ ನಿಜವಾದ ಚಿಂತೆ ಇರುವುದು ನಾಲ್ಕನೆಯ ಪುಟದಲ್ಲಿ.

ಅವರ ಮಗ ಸಾಂಗಲಿಯಲ್ಲಿ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾನೆ. ರಜೆಗೆ ಊರಿಗೆ ಬಂದರೆ ಮೂಲೆ ಹಿಡಿದು ಕುಳಿತು ಚಿತ್ರ ತೆಗೆಯುತ್ತಾನೆ. ಬರೀ ಮನೆಗಳು. ಗೋಡೆ, ಮೆಟ್ಟಿಲು, ಮುಚ್ಚಿದ ಬಾಗಿಲು, ಮಾಳಿಗೆಯ ಮೇಲೆ ಒಂದು ಚೌಕ ಕಿಂಡಿ. ಒಂದು ಚಿತ್ರದಲ್ಲೂ ಮನುಷ್ಯರಿಲ್ಲ, ದನವಿಲ್ಲ, ಒಂದು ಕಾಗೆಯೂ ಇಲ್ಲ. ಮನೆಗೆ ಬಂದ ನೆಂಟರು ಅದನ್ನು ನೋಡಿ, "ಹುಡುಗನ ಮನಸ್ಸು ನೆಟ್ಟಗ ಐತೇನವ್ವ?" ಎಂದು ಕೇಳಿದರಂತೆ. ತಾಯಿ ಹೆದರಿ, "ಒಂದರಾಗರ ಒಬ್ಬ ಮನಷ್ಯಾನ್ನ ತಗಿಯೋ" ಎಂದರೆ, "ಅಲ್ಲಿ ಯಾರದಾರ ತಗಿಲಿಕ್ಕೆ?" ಎಂದು ಆತ ಮತ್ತೆ ತಲೆ ಬಗ್ಗಿಸಿದನಂತೆ. ಇದರ ಮೇಲೆ, ಕಾಲೇಜು ಬಿಟ್ಟು ಚಿತ್ರಕಲಾ ಶಾಲೆಗೆ ಸೇರುತ್ತೇನೆಂಬ ಮಾತು ಬೇರೆ. "ಮಾಸ್ತರರೇ, ಇದು ರೋಗವೋ ವಿದ್ಯೆಯೋ ತಿಳಿಸಿ ಬರೆಯಿರಿ" ಎಂಬಲ್ಲಿಗೆ ಪತ್ರ ಮುಗಿದಿದೆ.

ನಾನು ವೈದ್ಯನಲ್ಲ, ಚಿತ್ರಕಾರನಂತೂ ಅಲ್ಲವೇ ಅಲ್ಲ. ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನು. ಚಿತ್ರದ ತಾಸಿನಲ್ಲಿ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ, ಗುಡಿಸಲ ಮುಂದೆ ಕೊಡ ಹೊತ್ತ ಹೆಂಗಸು, ಇಷ್ಟನ್ನು ಬರೆದ ಹುಡುಗನಿಗೆ ಹತ್ತಕ್ಕೆ ಎಂಟು ಗುಣ ಕೊಟ್ಟು ಮುಂದೆ ಕಳಿಸಿದವನು. ನಮ್ಮ ಬರಗಾಲದ ಸೀಮೆಯಲ್ಲಿ ಅಂಥ ಗುಡ್ಡ, ಅಂಥ ತೆಂಗು ಎಲ್ಲಿವೆಯೆಂದು ಹುಡುಗರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆದಕಾರಣ ಸಹೋದರಿಗೆ ಉಪದೇಶ ಹೇಳುವ ಬದಲು, ಮನುಷ್ಯರಿಲ್ಲದ ಮನೆಗಳನ್ನೇ ವರ್ಷಗಟ್ಟಲೆ ಬರೆದ ಒಬ್ಬ ಹಿರಿಯರ ವಿಷಯ ಹೇಳುತ್ತೇನೆ. ಅವರ ಹೆಸರು ರಾಮಕುಮಾರ್.

ರಾಮಕುಮಾರರು ಹುಟ್ಟಿದ್ದು 1924ರಲ್ಲಿ, ಶಿಮ್ಲಾದಲ್ಲಿ. ಮಧ್ಯಮ ವರ್ಗದ ದೊಡ್ಡ ಸಂಸಾರ, ತಂದೆಗೆ ಸರಕಾರಿ ನೌಕರಿ. ಹಿಂದಿಯ ಪ್ರಸಿದ್ಧ ಕಾದಂಬರಿಕಾರ, 1999ರ ಜ್ಞಾನಪೀಠ ಪ್ರಶಸ್ತಿ ಪಡೆದ ನಿರ್ಮಲ ವರ್ಮಾ ಇವರ ತಮ್ಮ. ರಾಮಕುಮಾರರೂ ಹಿಂದಿಯಲ್ಲಿ ಕಥೆ ಬರೆದವರೇ. ದಿಲ್ಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿದರು. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ನಡುವೆ ಎಂದೋ ಒಮ್ಮೆ ಒಂದು ಚಿತ್ರ ಪ್ರದರ್ಶನಕ್ಕೆ ಹೊಕ್ಕರು. ಅಲ್ಲಿಂದ ಶಾರದಾ ಉಕಿಲ್ ಕಲಾಶಾಲೆಯ ಸಂಜೆಯ ತರಗತಿ, ಶೈಲೋಜ್ ಮುಖರ್ಜಿಯವರ ಶಿಷ್ಯತ್ವ. 1948ರಲ್ಲಿ ಬ್ಯಾಂಕಿನ ಕೆಲಸ ಬಿಟ್ಟೇಬಿಟ್ಟರು. ತಂದೆಯನ್ನು ಒಪ್ಪಿಸಿ, ಹೋಗುವ ಟಿಕೆಟಿನಷ್ಟು ಹಣ ಪಡೆದು ಪ್ಯಾರಿಸ್ಸಿಗೆ ಹೋದರು. ಬರುವ ಟಿಕೆಟಿನ ಮಾತು ಆಗ ಇರಲಿಲ್ಲ! ಸಹೋದರಿ, ಬಿ.ಕಾಂ. ಬಿಡುತ್ತೇನೆನ್ನುವ ಮಗ ನಿಮಗೊಬ್ಬರಿಗೇ ಹುಟ್ಟಿದ್ದಲ್ಲ.

ಪ್ಯಾರಿಸ್ಸಿನಲ್ಲಿ ಆಂದ್ರೆ ಲೋತ್, ಫೆರ್ನಾಂ ಲೆಜೆ ಎಂಬಿಬ್ಬರು ದೊಡ್ಡ ಕಲಾವಿದರ ಬಳಿ ಕಲಿತು 1952ರಲ್ಲಿ ತಿರುಗಿ ಬಂದರು. ಆಗಿನ ದಿಲ್ಲಿ ಹೇಗಿತ್ತು? ದೇಶ ಒಡೆದು, ನೆಲೆ ಕಳೆದುಕೊಂಡ ಲಕ್ಷಗಟ್ಟಲೆ ಜನ ಬಂದು ಸೇರಿದ್ದ ಊರು. ಕಲಿತ ಹುಡುಗರು ಕೆಲಸವಿಲ್ಲದೆ ಬೀದಿ ಅಳೆಯುತ್ತಿದ್ದ ಕಾಲ. ರಾಮಕುಮಾರರು ಅವರನ್ನೇ ಬರೆದರು. ಕೋಟು ತೊಟ್ಟ, ಉದ್ದ ಮುಖದ, ಎತ್ತ ನೋಡಬೇಕೆಂದು ತಿಳಿಯದೆ ಎದುರಿಗೇ ದಿಟ್ಟಿಸುವ ಜನ. ಅವರ ಬೆನ್ನ ಹಿಂದೆ ಒತ್ತೊತ್ತಾಗಿ ನಿಂತ ನಗರದ ಮನೆಗಳು. ನಿರುದ್ಯೋಗಿ ಪದವೀಧರರು ಎಂಬ ಹೆಸರಿನದೇ ಒಂದು ಚಿತ್ರ 1956ರದಿದೆ. ಆ ಮುಖಗಳನ್ನು ನೋಡಿದರೆ ಅವರ ಮನೆಯಲ್ಲಿ ಆ ಹೊತ್ತು ಒಲೆ ಹತ್ತಿದೆಯೋ ಇಲ್ಲವೋ ಎಂದು ಕೇಳಬೇಕೆನಿಸುತ್ತದೆ. ಚಿತ್ರಗಳಿಗೆ ಹೆಸರು ಬಂತು, ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿಯೂ ಬಂತು. ಹೀಗೆ ಹೆಸರು ಬಂದ ಮೇಲೆ ಸಾಮಾನ್ಯವಾಗಿ ಮನುಷ್ಯ ಅದೇ ದಾರಿ ಹಿಡಿದು ಹೋಗುತ್ತಾನೆ.

ಇವರು ಹೋಗಲಿಲ್ಲ. 1960ರ ಸುಮಾರಿಗೆ ಗೆಳೆಯ ಎಂ.ಎಫ್. ಹುಸೇನರ ಜೊತೆ ಕಾಶಿಗೆ ಹೋದರು. ಚಳಿಗಾಲ. ಊರು ಮುಟ್ಟಿದ್ದು ಅಪರಾತ್ರಿಯಲ್ಲಿ. ಸಂದಿಗೊಂದಿಗಳಲ್ಲಿ ನರಪಿಳ್ಳೆಯ ಸುಳಿವಿಲ್ಲ. ಇಲ್ಲಿ ಬದುಕಿದವರೇ ಇಲ್ಲ, ಸತ್ತವರು ಮತ್ತು ಸಾಯಲಿರುವವರು ಮಾತ್ರ ಇದ್ದಾರೆ ಎನಿಸಿತೆಂದು ಅವರು ಮುಂದೆ ನೆನೆದುಕೊಂಡಿದ್ದಾರೆ. ಬೆಳಗಾದರೆ ಹುಸೇನರು ಒಂದು ದಿಕ್ಕಿಗೆ, ಇವರು ಒಂದು ದಿಕ್ಕಿಗೆ. ದಿನವಿಡೀ ಘಾಟುಗಳ ಮೇಲೆ ಕುಳಿತು ಕಾಗದದ ಮೇಲೆ ಗೆರೆ ಎಳೆಯುವುದು. ಹುಸೇನರು ಹೋದ ಮೇಲೂ ಇವರು ಉಳಿದರು.

ಕಾಶಿಯನ್ನು ಕಂಡವರಿಗೆ ಗೊತ್ತು. ಗಂಗೆ ಅಲ್ಲಿ ಉತ್ತರಾಭಿಮುಖವಾಗಿ ಹರಿಯುತ್ತಾಳೆ. ಪಡುವಣ ದಡದಲ್ಲಿ ಅಸ್ಸಿಯಿಂದ ರಾಜಘಾಟಿನ ತನಕ ಎಂಬತ್ತಕ್ಕೂ ಮಿಕ್ಕಿದ ಘಾಟುಗಳು. ಒಂದರ ಹೆಗಲ ಮೇಲೆ ಒಂದು ಕುಳಿತಂತೆ ಮನೆ, ಮಠ, ಅರಮನೆ, ಗುಡಿ. ಮಳೆಗಾಲದಲ್ಲಿ ನೀರು ಮನೆಗಳ ಗೋಡೆಯ ತನಕ ಏರುತ್ತದೆ, ಬೇಸಿಗೆಯಲ್ಲಿ ಕೆಳಗಿಳಿಯುತ್ತದೆ, ಅದಕ್ಕಾಗಿಯೇ ಅಷ್ಟು ಮೆಟ್ಟಿಲು. ಮೂಡಣ ದಡದಲ್ಲಿ ಬರೀ ಮರಳು, ಬಯಲು. ಒಂದು ಕಡೆ ಉಸಿರಾಡಲು ಜಾಗವಿಲ್ಲ, ಇನ್ನೊಂದು ಕಡೆ ಏನೂ ಇಲ್ಲ. ನಡುವೆ ನದಿ.

ಅಂಥ ಊರನ್ನು ಬರೆಯ ಹೊರಟವರು ಯಾರೇ ಆಗಲಿ ಜನರನ್ನೇ ಬರೆಯಬೇಕಲ್ಲವೆ? ಸಾಧು, ಪಂಡಾ, ಅಂಬಿಗ, ತಲೆ ಬೋಳಿಸಿಕೊಂಡ ವಿಧವೆಯರು, ಮಣಿಕರ್ಣಿಕೆಯ ಚಿತೆಗಳ ಬಳಿ ಕಾಯುವ ಬಂಧುಗಳು. ಅದುವರೆಗೆ ಮುಖಗಳನ್ನೇ ಬರೆದು ಹೆಸರಾದ ರಾಮಕುಮಾರರ ಚಿತ್ರದಿಂದ ಮುಖಗಳು ಮಾಯವಾದದ್ದು ಇಲ್ಲಿಯೇ. ಅಲ್ಲಿ ಕಂಡ ದುಃಖ ಎಷ್ಟಿತ್ತೆಂದರೆ ಅದನ್ನು ಒಬ್ಬಿಬ್ಬರ ಮುಖದ ಮೇಲೆ ಹೊರಿಸುವುದು ಆಗದ ಮಾತಾಯಿತು. ಮನೆಗಳ ಮೇಲೆ ಹೊರಿಸಿದರು. ಕಪ್ಪು ಶಾಯಿಯಲ್ಲಿ ಬರೆದ ಮೊದಲಿನ ಚಿತ್ರಗಳಲ್ಲಿ ಘಾಟು, ಗೋಪುರ ಇನ್ನೂ ಗುರುತು ಹತ್ತುತ್ತವೆ. ತೈಲವರ್ಣದಲ್ಲಿ ಬೂದಿ, ಮಣ್ಣು, ಸುಟ್ಟ ಇಟ್ಟಿಗೆ, ಹಳೆಯ ತಾಮ್ರ ಇವುಗಳ ಬಣ್ಣ. ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ, ಬಾಗಿಲು ಇದ್ದರೂ ಕತ್ತಲ ತೂತು. ವರ್ಷ ಕಳೆದಂತೆ ಮನೆಯ ಆಕಾರವೂ ಕರಗಿತು. 1960ರ ದಶಕದ ಕೊನೆಯ ಹೊತ್ತಿಗೆ ಬಣ್ಣದ ಹಲಗೆಗಳು ಮಾತ್ರ ಉಳಿದವು, ಒಂದರ ಮೇಲೊಂದು ಜಾರಿದಂತೆ.

ಇಲ್ಲಿ ನನ್ನದೊಂದು ವಿಷಯ ಹೇಳಬೇಕು. ಇಲ್ಲದಿದ್ದರೆ ಈ ಚಿತ್ರಗಳ ಬಗ್ಗೆ ಬರೆಯುವ ಅಧಿಕಾರ ನನಗಿಲ್ಲ.

1978ರ ಪುಷ್ಯ ಮಾಸದಲ್ಲಿ ನಮ್ಮ ಕಡೆಯಿಂದ ನಲವತ್ತು ಜನರ ಸಂಘ ಸಮ್ಮೇದ ಶಿಖರ್ಜಿಗೆ ಹೊರಟಿತ್ತು. ನನ್ನ ಅವ್ವನಿಗೆ ಬಹಳ ದಿನಗಳ ಆಸೆ, ಕರೆದುಕೊಂಡು ಹೋದೆ. ದಾರಿಯಲ್ಲಿ ಕಾಶಿಯಲ್ಲಿ ಮೂರು ದಿನ ತಂಗಿದ್ದೆವು. ಕಾಶಿಯೆಂದರೆ ನಮಗೆ ಭೇಲುಪುರ, ಪಾರ್ಶ್ವನಾಥ ಸ್ವಾಮಿಯ ಜನ್ಮಸ್ಥಾನ. ಸುಪಾರ್ಶ್ವನಾಥರ ಭದೈನಿ ಗಂಗೆಯ ದಡದಲ್ಲೇ ಇದೆ. ಶ್ರೇಯಾಂಸನಾಥರ ಸಿಂಹಪುರಿ, ಚಂದ್ರಪ್ರಭರ ಚಂದ್ರಪುರಿ ಊರ ಹೊರಗೆ. ಎಲ್ಲ ಕಡೆ ದರ್ಶನವಾಯಿತು. ಭದೈನಿಗೆ ಹೋದ ದಿನ ಹೊತ್ತು ಮುಳುಗುವುದರೊಳಗೆ ಊಟಕ್ಕೆ ಧರ್ಮಶಾಲೆಗೆ ಮುಟ್ಟಬೇಕು, ಎಲ್ಲರಿಗೂ ಗಡಿಬಿಡಿ. ದೋಣಿಯಲ್ಲಿ ಹೋದರೆ ಬೇಗ ಆದೀತೆಂದು ನಾನು ಅಂಬಿಗನೊಡನೆ ಎರಡು ರೂಪಾಯಿಗೆ ಜಗಳಕ್ಕೆ ನಿಂತೆ. ಅವ್ವ ಮೆಟ್ಟಿಲ ಮೇಲೆ ಕುಳಿತಿದ್ದಳು. ಮಂಜು ಇಳಿಯುತ್ತಿತ್ತು. "ಎಷ್ಟ ಮೆಟ್ಟಲಾ ಕಟ್ಯಾರಪಾ, ಎಲ್ಲಾ ನೀರಾಗ ಹೋಗ್ಯಾವ" ಎಂದಳು. ನಾನು ಓಗೊಡಲಿಲ್ಲ. ಎರಡು ರೂಪಾಯಿಯ ಕೆಲಸ ಇತ್ತಲ್ಲ.

ಅವ್ವ 1986ರಲ್ಲಿ ತೀರಿಕೊಂಡಳು. ಆಮೇಲೆ ಆ ಸಂಜೆಯನ್ನು ಎಷ್ಟೋ ಸಲ ನೆನೆಯಲು ನೋಡಿದ್ದೇನೆ. ಮೆಟ್ಟಿಲ ಅಂಚಿನ ಪಾಚಿ ಕಾಣುತ್ತದೆ. ಹಿಂದಿನ ಗೋಡೆಯ ಸುಣ್ಣ ಉದುರಿ ಒಳಗಿನ ಇಟ್ಟಿಗೆ ತೋರುವುದು ಕಾಣುತ್ತದೆ. ನೀರಿನ ಬಣ್ಣ, ಆಚೆ ದಡ ಇಲ್ಲವೇ ಇಲ್ಲವೆಂಬಂಥ ಮಂಜು, ಎಲ್ಲ ಇದೆ. ಅವ್ವನ ಮುಖ ಮಾತ್ರ ಇಲ್ಲ. ಗೋಡೆಗೆ ತೂಗುಹಾಕಿದ ಸ್ಟುಡಿಯೋ ಫೋಟೋದ ಮುಖ ಬಂದು ಅಲ್ಲಿ ಕುಳಿತುಕೊಳ್ಳುತ್ತದೆ, ಅದು ಆ ದಿನದ ಮುಖವಲ್ಲ. ಹೆತ್ತ ತಾಯಿಯ ಮುಖ ಮರೆತು ಗೋಡೆಯ ಸುಣ್ಣ ನೆನಪಿಟ್ಟವನೆಂದು ನನಗೆ ನಾನೇ ಎಷ್ಟು ಹಳಿದುಕೊಂಡಿದ್ದೇನೆಂಬುದನ್ನು ಇದುವರೆಗೆ ಮನೆಯಲ್ಲೂ ಹೇಳಿರಲಿಲ್ಲ.

2011ರಲ್ಲಿ ಮಗನ ನೌಕರಿಯ ನಿಮಿತ್ತ ಕೆಲವು ತಿಂಗಳು ದಿಲ್ಲಿಯಲ್ಲಿದ್ದೆ. ಸೊಸೆ ಒಂದು ಮಧ್ಯಾಹ್ನ ಜಯಪುರ ಹೌಸಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಕರೆದೊಯ್ದಳು. ಅಲ್ಲಿ ರಾಮಕುಮಾರರ ಕಾಶಿಯ ಚಿತ್ರವೊಂದರ ಮುಂದೆ ನಿಂತೆ. ಮೊದಲು ಕಂಡದ್ದು ಹಾಳು ಗೋಡೆ. ಮೊಣಕಾಲು ನೋಯುತ್ತಿತ್ತು, ಎದುರಿನ ಬೆಂಚಿನ ಮೇಲೆ ಕುಳಿತೆ. ಕುಳಿತದ್ದಕ್ಕೆ ಕಂಡಿತು, ನಿಂತೇ ಮುಂದೆ ಹೋಗಿದ್ದರೆ ಕಾಣುತ್ತಿರಲಿಲ್ಲ. ಕಂದು ಬಣ್ಣದ ಚೂರುಗಳು ನಿಧಾನಕ್ಕೆ ಮನೆಗಳಾದವು. ನಡುವಿನ ಬಿಳಿ ಸೀಳು ಮೆಟ್ಟಿಲಾಯಿತು. ಕೆಳಗಿನ ಬೂದಿ ಬಣ್ಣದ ಪಟ್ಟೆ ನೀರು. ಮೇಲೆ ಆಕಾಶವೂ ಅದೇ ಬೂದಿ. ಜನ ಯಾರೂ ಇರಲಿಲ್ಲ. ಆದರೆ ಯಾರೋ ಈಗಷ್ಟೇ ಎದ್ದು ಹೋದ ಜಾಗ ಅದು. ಅವ್ವನ ಮಾತು, ಆ ಮೆಟ್ಟಿಲಿನ ಮಾತು, ಕಿವಿಗೆ ಬಿದ್ದಷ್ಟು ಸ್ಪಷ್ಟವಾಗಿ ಬಂತು. ಸೊಸೆ ಬಂದು, "ಮಾಮಾ, ಏನಾತರೀ?" ಎಂದು ಕೇಳಿದಳು. ಕಾಲು ನೋವು ಎಂದೆ.

ರಾಮಕುಮಾರರು ಈ ಚಿತ್ರಗಳನ್ನು ಘಾಟಿನ ಮೇಲೆ ಕುಳಿತು ಬರೆದು ಮುಗಿಸಿದವರಲ್ಲ ಎಂಬುದನ್ನು ಗಮನಿಸಬೇಕು. ಅಲ್ಲಿ ಮಾಡಿದ್ದು ರೇಖಾಚಿತ್ರ. ಬಣ್ಣದ ಕೆಲಸ ನಡೆದದ್ದು ದಿಲ್ಲಿಯ ತಮ್ಮ ಕೋಣೆಯಲ್ಲಿ, ತಿಂಗಳುಗಳ, ವರ್ಷಗಳ ಮೇಲೆ. ಮತ್ತೆ ಮತ್ತೆ ಕಾಶಿಗೆ ಹೋಗಿ ಬಂದರು, ಮತ್ತೆ ಮತ್ತೆ ಬರೆದರು. ಕುಂಚದ ಜೊತೆಗೆ ಬಣ್ಣ ಕಲಸುವ ಚಪ್ಪಟೆ ಚಾಕುವಿನಿಂದಲೂ ಬಣ್ಣ ಬಳಿಯುತ್ತಿದ್ದರು. ನಮ್ಮಲ್ಲಿ ಗೌಂಡಿ ಕರಣೆಯಿಂದ ಗಿಲಾವು ಮಾಡುತ್ತಾನಲ್ಲ, ಸುಮಾರು ಹಾಗೆಯೇ. ಕಣ್ಣ ಮುಂದೆ ಊರು ಇಲ್ಲದಿದ್ದಾಗ ಏನು ಉಳಿಯುತ್ತದೋ ಅದು ಚಿತ್ರಕ್ಕೆ ಬಂತು, ಉದುರಿದ್ದು ಉದುರಿತು.

ನೆನಪು ಮಾಡುವುದೂ ಇದನ್ನೇ. ಕೇಂಬ್ರಿಜ್ಜಿನ ಮನಶ್ಶಾಸ್ತ್ರಜ್ಞ ಬಾರ್ಟ್ಲೆಟ್ ಎಂಬವರು ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ದಿನಗಳ ಮೇಲೆ, ತಿಂಗಳುಗಳ ಮೇಲೆ ನೆನಪಿನಿಂದ ಬರೆಯಿಸಿದರು. 1932ರಲ್ಲಿ ಅದನ್ನು ಪುಸ್ತಕ ಮಾಡಿದರು. ಪ್ರತಿ ಸಲವೂ ಕಥೆ ಸಣ್ಣದಾಗುತ್ತ, ಅಪರಿಚಿತ ಸಂಗತಿಗಳು ಬಿಟ್ಟುಹೋಗುತ್ತ, ಹೇಳುವವರ ಬದುಕಿಗೆ ಹೊಂದುವಂತೆ ತಿದ್ದಿಕೊಳ್ಳುತ್ತ ಹೋಯಿತು. ನೆನಪೆಂದರೆ ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ, ನೆನೆದಾಗಲೆಲ್ಲ ಹೊಸದಾಗಿ ಕಟ್ಟುವ ಗೋಡೆ. ಹಾಗಾದರೆ ಅದು ಸುಳ್ಳೇ? ನಮ್ಮ ಅಕಲಂಕ ದೇವರು ಸ್ಮೃತಿಯನ್ನು ಪರೋಕ್ಷ ಪ್ರಮಾಣಗಳಲ್ಲಿ ಸೇರಿಸಿದರು. ಬೇರೆ ದರ್ಶನಗಳ ಪಂಡಿತರು ಹೆಚ್ಚಿನವರು ಒಪ್ಪಲಿಲ್ಲ. ಸ್ಮೃತಿಯ ಮುಂದಿನದು ಪ್ರತ್ಯಭಿಜ್ಞಾನ, ಅಂದರೆ 'ಇದು ಅದೇ' ಎಂದು ಗುರುತು ಹಿಡಿಯುವುದು. ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ಬೆಂಚಿನ ಮೇಲೆ, ಅರವತ್ತು ದಾಟಿದ ಮೇಲೆ.

ಈಗ ಸಹೋದರಿಯ ಪ್ರಶ್ನೆಗೆ ಬರುತ್ತೇನೆ.

ಮನುಷ್ಯರಿಲ್ಲದ ಮನೆ ಬರೆಯುವುದು ರೋಗವಲ್ಲ. ಹಾಗಂತ ಎಲ್ಲವನ್ನೂ ಕಲೆಯೆಂದು ಹಾರಿಸಿಬಿಡುವವನೂ ನಾನಲ್ಲ. ಹುಡುಗ ಹೊತ್ತಿಗೆ ಉಣ್ಣುತ್ತಾನೆಯೇ, ನಿದ್ದೆ ಮಾಡುತ್ತಾನೆಯೇ, ಗೆಳೆಯರ ಜೊತೆ ಮಾತಾಡುತ್ತಾನೆಯೇ ಎಂಬುದನ್ನು ನೋಡಿರಿ. ಇವು ತಪ್ಪಿದ್ದರೆ, ಬದುಕು ಬೇಸರವೆಂಬ ಮಾತು ಬಾಯಲ್ಲಿ ಬಂದರೆ, ತಡಮಾಡದೆ ಸಾಂಗಲಿಯಲ್ಲೋ ಮೀರಜಿನಲ್ಲೋ ಮನೋವೈದ್ಯರಿಗೆ ತೋರಿಸಿರಿ. ಜ್ವರಕ್ಕೆ ತೋರಿಸಿದಷ್ಟೇ ಸಹಜ ಅದು, ನೆಂಟರಿಗೆ ಅಂಜಬೇಕಾಗಿಲ್ಲ. ಅವೆಲ್ಲ ಸರಿಯಿದ್ದರೆ ಚಿತ್ರ ಬರೆಯುವ ಕೈಯನ್ನು ಹಿಡಿಯಬೇಡಿರಿ. ಗೊಂಬೆಯಂಥ ಒಬ್ಬ ಮನುಷ್ಯನನ್ನು ಬಾಗಿಲಲ್ಲಿ ನಿಲ್ಲಿಸು ಎಂದು ಒತ್ತಾಯಿಸುವುದಂತೂ ಬೇಡವೇ ಬೇಡ. ನಾನು ಹುಡುಗರಿಂದ ಕೊಡ ಹೊತ್ತ ಹೆಂಗಸನ್ನು ಬರೆಯಿಸಿದಂತೆ ಆದೀತು.

ಕಾಲೇಜಿನ ಮಾತು ಬೇರೆ. ರಾಮಕುಮಾರರ 1956ರ ಒಂದು ಚಿತ್ರ 2008ರ ಹರಾಜಿನಲ್ಲಿ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಹೋಯಿತು. ಅವರಿಗೆ 2010ರಲ್ಲಿ ಪದ್ಮಭೂಷಣ ಬಂತು. ಇದನ್ನು ಓದಿ ಮಗ ಕುಣಿಯುವುದು ಬೇಡ, ನೀವು ಕರಗುವುದೂ ಬೇಡ. ಆ ಚಿತ್ರಕ್ಕೆ ಆ ಬೆಲೆ ಬಂದದ್ದು ಬರೆದ ಅರ್ಧ ಶತಮಾನದ ಮೇಲೆ. ಅವರು ಮೊದಲು ಎಂ.ಎ. ಮುಗಿಸಿದ್ದರು ಎಂಬುದನ್ನೂ ಮಗನಿಗೆ ಓದಿ ಹೇಳಿರಿ. ಇನ್ನೊಂದೇ ವರ್ಷದ ಪದವಿ, ಮುಗಿಸಲಿ. ರಜೆಯಲ್ಲಿ ಬರೆಯಲಿ. ಆಮೇಲೂ ಹಟ ಉಳಿದಿದ್ದರೆ ಅದು ಬರೀ ಹಟವಲ್ಲವೆಂದು ತಿಳಿಯಿರಿ.

ಇನ್ನೊಂದು ಮಾತು. ರಾಮಕುಮಾರರು ಕೊನೆಯ ತನಕ ಬೂದಿ ಬಣ್ಣದಲ್ಲೇ ಉಳಿದವರಲ್ಲ. ಲಡಾಖಿಗೆ ಹೋದರು, ಬೆಟ್ಟಗಳಿಗೆ ಹೋದರು. ಚಿತ್ರಕ್ಕೆ ಹಸಿರು, ಹಳದಿ, ನೀಲಿ ಬಂದವು. ಹುಟ್ಟಿದ ಶಿಮ್ಲಾದ ಗುಡ್ಡಗಳೂ ಅವುಗಳಲ್ಲಿ ಸೇರಿಕೊಂಡಿರಬೇಕೆಂದು ನನಗನಿಸುತ್ತದೆ. 2018ರಲ್ಲಿ, ತೊಂಬತ್ಮೂರನೆಯ ವಯಸ್ಸಿನಲ್ಲಿ, ದಿಲ್ಲಿಯಲ್ಲಿ ತೀರಿಕೊಂಡರು. ಮನುಷ್ಯರು ಮಾತ್ರ ಅವರ ನಿಸರ್ಗಚಿತ್ರಗಳಿಗೆ ತಿರುಗಿ ಬರಲಿಲ್ಲ.

ಸಹೋದರಿ, ನಿಮ್ಮ ಪತ್ರದಲ್ಲಿ ಮಾಳಿಗೆಯ ಮೇಲಿನ ಚೌಕ ಕಿಂಡಿಯ ವಿಷಯ ಬರೆದಿದ್ದೀರಿ. ಅದನ್ನು ಓದಿದೊಡನೆ ನನಗೆ ತಿಳಿಯಿತು, ನಿಮಗೂ ತಿಳಿದೇ ಇದೆ. ಅದು ಬೆಳಕಿಂಡಿ. ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಮಾತ್ರ ಗೊತ್ತಿರುವ ವಸ್ತು. ಮಳೆ ಬಂದರೆ ಮೇಲೆ ಹತ್ತಿ ಅದರ ಮೇಲೆ ಬೋಗುಣಿ ಬೋರಲು ಹಾಕಬೇಕು. ಮಧ್ಯಾಹ್ನ ಅದರಿಂದ ಇಳಿಯುವ ಬಿಸಿಲಿನ ಕೋಲು ನೆಲದ ಮೇಲೆ ಸರಿದದ್ದನ್ನು ನೋಡಿ ಹೆಂಗಸರು ಹೊತ್ತು ಹೇಳುತ್ತಿದ್ದರು. ಹಿಸ್ಸೆಯ ಮೂರು ಪುಟಗಳಲ್ಲಿ ನೀವು ಕಣ್ಣೀರಿನ ಒಂದು ಮಾತೂ ಬರೆದಿಲ್ಲ. ಹುಡುಗ ಬರೆಯುತ್ತಿರುವುದು ಆ ಮನೆಯನ್ನೇ ಅಲ್ಲವೇ?

ಮುಂದಿನ ಸಲ ಆತ ಊರಿಗೆ ಬಂದಾಗ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಮನುಷ್ಯರೇಕಿಲ್ಲ ಎಂದು ಕೇಳಬೇಡಿರಿ. ಆ ಬೆಳಕಿಂಡಿಯ ಕೆಳಗೆ ಯಾರು ಮಲಗುತ್ತಿದ್ದರೆಂದು ಕೇಳಿರಿ. ಹೇಳಿದರೆ ಕೇಳಿಸಿಕೊಳ್ಳಿರಿ. ಹೇಳದಿದ್ದರೆ ಚಹಾದ ಬಟ್ಟಲು ಇಟ್ಟು ಎದ್ದು ಬನ್ನಿರಿ, ಮರುದಿನ ಮತ್ತೆ ಕೇಳಿದರಾಯಿತು.